ಸ್ಟಾರ್ಟಪ್ ತಂಡದ ಫೋಟೊ, ವಿಡಿಯೊ: ಕ್ಯಾಮೆರಾ ಬರುವ ಮೊದಲು, ಬಂದ ದಿನ, ಹೋದ ಮೇಲೆ

ಒಳ್ಳೆಯ ಫೋಟೊಗ್ರಾಫರ್ ಬಂದಿದ್ದರು, ಬೆಳಕು ಚೆನ್ನಾಗಿತ್ತು, ಎಲ್ಲರೂ ನಕ್ಕಿದ್ದರು. ಆರು ತಿಂಗಳು ಕಳೆದು ವೆಬ್‌ಸೈಟಿನ ತಂಡದ ಪುಟ ತೆರೆದರೆ 8 ಮಂದಿ ಬೂದು ಹಿನ್ನೆಲೆಯ ಮುಂದೆ, ಇಬ್ಬರು ಪ್ರವಾಸದ ಸೆಲ್ಫಿಯಲ್ಲಿ, ಇನ್ನೊಬ್ಬರ ಜಾಗದಲ್ಲಿ ಬರೀ ಹೆಸರಿನ ಮೊದಲಕ್ಷರ. ಮೇಲಿನ ಗ್ರೂಪ್ ಫೋಟೊದ ನಟ್ಟನಡುವೆ ನಿಂತವರು ಕೆಲಸ ಬಿಟ್ಟು ಹೋಗಿಯಾಗಿದೆ. ವಿಡಿಯೊ ಎಡಿಟಿಂಗ್‌ನಲ್ಲೇ ನಿಂತಿದೆ, ಸಂಸ್ಥಾಪಕರ ಮಾತಿನುದ್ದಕ್ಕೂ ಏಸಿಯ ಗುಂಯ್‌ ಸದ್ದು ಕೂತಿದೆ.

ಇದೇ ಕಥೆಯನ್ನು ಹಲವು ತಂಡಗಳಲ್ಲಿ ಕಂಡಿದ್ದೇನೆ. ಎಲ್ಲೂ ಕ್ಯಾಮೆರಾದ ತಪ್ಪಿರಲಿಲ್ಲ. ಕೆಲಸದ ಕ್ರಮವೇ ತಲೆಕೆಳಗಾಗಿತ್ತು: ಮೊದಲು ಫೋಟೊಗ್ರಾಫರ್ ಬುಕ್ ಆದರು, ಆಮೇಲೆ ಜಾಗ ಹುಡುಕಿದರು, ಈ ಚಿತ್ರಗಳು ಯಾತಕ್ಕೆ ಬೇಕು ಎಂಬ ಪ್ರಶ್ನೆ ಎಲ್ಲ ಮುಗಿದ ಮೇಲೆ ಬಂತು. ಸ್ಟಾರ್ಟಪ್ ತಂಡ ಇವತ್ತು ಇದ್ದಂತೆ ನಾಳೆ ಇರುವುದಿಲ್ಲ ಎಂಬುದನ್ನೂ ಯಾರೂ ಲೆಕ್ಕಕ್ಕೆ ಹಿಡಿದಿರಲಿಲ್ಲ. ಇವತ್ತಿನ ತಂಡವನ್ನು ಚೆಂದ ತೆಗೆಯುವುದು ಅರ್ಧ ಕೆಲಸ. ಮುಂದಿನ ತಿಂಗಳು ಸೇರುವವರ ಫೋಟೊ ಇವುಗಳ ಪಕ್ಕದಲ್ಲಿ ಹೊಂದಿ ಕೂರುವಂತೆ ಮಾಡುವುದು ಉಳಿದರ್ಧ.

ಕೆಳಗಿನ ಹಂತಗಳು 5ರಿಂದ 40 ಜನರ ತಂಡಕ್ಕೆ ಸಾಕು. ಕ್ರಮ ಬದಲಿಸಬೇಡಿ. ತಯಾರಿಗೆ 3 ವಾರ ಇಟ್ಟುಕೊಳ್ಳಿ.

ಹಂತ 1: ಚಿತ್ರಗಳು ಎಲ್ಲೆಲ್ಲಿಗೆ ಹೋಗಬೇಕು, ಪಟ್ಟಿ ಮಾಡಿ

ಒಂದು ಸ್ಪ್ರೆಡ್‌ಶೀಟ್ ತೆರೆಯಿರಿ. ಮುಂದಿನ ಒಂದು ವರ್ಷದಲ್ಲಿ ತಂಡದವರ ಮುಖ ಕಾಣಿಸಬೇಕಾದ ಪ್ರತಿ ಜಾಗಕ್ಕೂ ಒಂದು ಸಾಲು: ವೆಬ್‌ಸೈಟಿನ ತಂಡದ ಪುಟ, ನೇಮಕಾತಿ ಪುಟ, ಲಿಂಕ್ಡ್‌ಇನ್, ಹೂಡಿಕೆದಾರರಿಗೆ ತೋರಿಸುವ ಪಿಚ್ ಡೆಕ್, ಪತ್ರಿಕೆಯವರು ಕೇಳಿದಾಗ ಕೊಡುವ ಪ್ರೆಸ್ ಕಿಟ್. ಪ್ರತಿ ಸಾಲಿನಲ್ಲೂ ನಾಲ್ಕು ಸಂಗತಿ ತುಂಬಿ: ಚಿತ್ರ ಅಡ್ಡವೋ ಉದ್ದವೋ ಚೌಕವೋ, ಎಷ್ಟು ಪಿಕ್ಸೆಲ್ ಬೇಕು, ಯಾವ ತಾರೀಖಿನೊಳಗೆ ಬೇಕು, ಯಾರ ಕೈಗೆ ತಲುಪಬೇಕು.

ಆಕಾರದ ಕಾಲಮ್ ಸಣ್ಣ ವಿವರದಂತೆ ಕಂಡರೂ ಹೆಚ್ಚಿನ ಚಿತ್ರಗಳು ಕೆಡುವುದು ಅಲ್ಲೇ. ಲಿಂಕ್ಡ್‌ಇನ್ ಪ್ರೊಫೈಲ್ ಚಿತ್ರವನ್ನು ದುಂಡಗೆ ಕತ್ತರಿಸಿ ತೋರಿಸುತ್ತದೆ, ಹಾಗಾಗಿ ತಲೆಯ ಸುತ್ತ ಖಾಲಿ ಜಾಗ ಬೇಕು. ಅದೇ ತಾಣದಲ್ಲಿ ಕಂಪನಿ ಪುಟದ ಕವರ್ ಸುಮಾರು 6:1 ಅನುಪಾತದ ತೆಳ್ಳನೆಯ ಪಟ್ಟಿ. ಎರಡು ಸಾಲಿನಲ್ಲಿ ನಿಂತ 15 ಜನರನ್ನು ಅದರೊಳಗೆ ತುರುಕಿದರೆ ಒಂದು ಸಾಲಿನ ತಲೆಗಳು ಹೋಗುತ್ತವೆ. ಪಿಚ್ ಡೆಕ್ 16:9, ಮೊಬೈಲಿಗೆ ಮಾಡುವ ಉದ್ದ ವಿಡಿಯೊ 9:16. ಮುದ್ರಣಕ್ಕೆ ಇಂಚಿಗೆ 300 ಪಿಕ್ಸೆಲ್ ಲೆಕ್ಕ ಹಾಕಿದರೆ 10 ಇಂಚು ಅಗಲದ ಚಿತ್ರಕ್ಕೆ 3,000 ಪಿಕ್ಸೆಲ್ ಬೇಕಾಗುತ್ತದೆ.

ಪಟ್ಟಿ ಮುಗಿದ ಮೇಲೆ ಪ್ರತಿ ಸಾಲಿನ ಮುಂದೆ 'ಬೇಕೇ ಬೇಕು' ಅಥವಾ 'ಸಮಯ ಉಳಿದರೆ' ಎಂದು ಬರೆಯಿರಿ. ಒಂದೇ ದಿನದಲ್ಲಿ ಹೆಡ್‌ಶಾಟ್ (ಒಬ್ಬೊಬ್ಬರದೇ ಮುಖದ ಫೋಟೊ), ಗ್ರೂಪ್ ಫೋಟೊ, ತಂಡದ ವಿಡಿಯೊ, ಉತ್ಪನ್ನದ ವಿಡಿಯೊ ಎಲ್ಲವನ್ನೂ ಮುಗಿಸುವ ಆಸೆ ಬರುತ್ತದೆ. ಉತ್ಪನ್ನದ ವಿಡಿಯೊವನ್ನು ಬೇರೆ ದಿನಕ್ಕೆ ಎತ್ತಿಡಿ, ಅದಕ್ಕೆ ಬೇರೆಯದೇ ಬೆಳಕು, ಬೇರೆಯದೇ ಸಿದ್ಧತೆ ಬೇಕು.

ಎಚ್ಚರಿಕೆಯ ಸೂಚನೆ: "ಮೊದಲು ತೆಗೆದಿಡೋಣ, ಎಲ್ಲಾದರೂ ಉಪಯೋಗಕ್ಕೆ ಬರುತ್ತೆ" ಎಂಬ ಮಾತು ಸಭೆಯಲ್ಲಿ ಕೇಳಿಬಂದರೆ ನೀವಿನ್ನೂ ಹಂತ 1ರಲ್ಲೇ ಇದ್ದೀರಿ ಎಂದರ್ಥ.

ಹಂತ 2: ಹೊಣೆ ಒಬ್ಬರದೇ ಇರಲಿ

ಫೋಟೊಗ್ರಾಫರ್ ಜತೆ ಮಾತಾಡುವವರು, ವೇಳಾಪಟ್ಟಿ ಮಾಡುವವರು, ಕೊನೆಗೆ ಚಿತ್ರ ಒಪ್ಪುವವರು ಎಲ್ಲ ಒಬ್ಬರೇ ಆಗಿರಲಿ. ಅವರು ಸಂಸ್ಥಾಪಕರಾಗದಿದ್ದರೆ ಒಳ್ಳೆಯದು. ಸಂಸ್ಥಾಪಕರಿಗೆ ಆ ದಿನ ಕ್ಯಾಮೆರಾದ ಮುಂದೆ ಕೆಲಸವಿರುತ್ತದೆ, ಹಿಂದೆಯೂ ಅವರೇ ಓಡಾಡಿದರೆ ಎರಡೂ ಕೆಡುತ್ತವೆ. ಮೂವರು ಸೇರಿ ಒಪ್ಪಿಗೆ ಕೊಡುವ ಪದ್ಧತಿ ಇಟ್ಟುಕೊಂಡ ತಂಡಗಳಲ್ಲಿ ವಿಡಿಯೊ ತಿಂಗಳುಗಟ್ಟಲೆ ತೂಗಾಡುವುದನ್ನು ನೋಡಿದ್ದೇನೆ.

ಹಂತ 3: ಮುಂದೆ ಸೇರುವವರಿಗೂ ಹೊಂದುವ 'ಸೂತ್ರ' ಗೊತ್ತುಮಾಡಿ

ಈ ಹಂತವನ್ನು ಬಹುತೇಕ ಎಲ್ಲರೂ ಬಿಟ್ಟುಬಿಡುತ್ತಾರೆ. ಇಡೀ ಮಾರ್ಗದರ್ಶಿಯಲ್ಲಿ ಒಂದೇ ಹಂತ ಮಾಡುವಷ್ಟು ಸಮಯ ನಿಮಗಿದ್ದರೆ ಇದನ್ನೇ ಮಾಡಿ.

ಹೆಡ್‌ಶಾಟ್‌ನ ಶೈಲಿ ಆರಿಸುವಾಗ ಒಂದೇ ಪ್ರಶ್ನೆ ಕೇಳಿಕೊಳ್ಳಿ: ಆರು ತಿಂಗಳ ನಂತರ, ಈ ಫೋಟೊಗ್ರಾಫರ್ ಇಲ್ಲದೆ, ಬೇರೆ ಕಚೇರಿಯಲ್ಲಿ, ಇದೇ ತರಹದ ಫೋಟೊ ತೆಗೆಯಲು ಆದೀತೇ? ಮರದ ನೆರಳು, ಸಂಜೆಯ ಹೊಂಬಿಸಿಲು, ಈಗಿನ ಕಚೇರಿಯ ಇಟ್ಟಿಗೆ ಗೋಡೆ ಎಲ್ಲ ನೋಡಲು ಸೊಗಸು. ಕಚೇರಿ ಬದಲಾದ ದಿನ ಅವೆಲ್ಲ ಕೈಬಿಟ್ಟು ಹೋಗುತ್ತವೆ. ಒಂದೇ ಬಣ್ಣದ ಹಿನ್ನೆಲೆ, ಒಂದು ಮುಖ್ಯ ಬೆಳಕು, ಎದೆಯವರೆಗಿನ ಚೌಕಟ್ಟು: ಇಷ್ಟಿದ್ದರೆ ಯಾರು ಬೇಕಾದರೂ ಎಲ್ಲಿ ಬೇಕಾದರೂ ಮತ್ತೆ ಮಾಡಬಹುದು. ಹಿನ್ನೆಲೆಗೆ ನಡುಮಟ್ಟದ ಬೂದು ಬಣ್ಣವನ್ನು ನಾನು ಶಿಫಾರಸು ಮಾಡುತ್ತೇನೆ. ಕಪ್ಪು ಕೂದಲು ಕಪ್ಪು ಹಿನ್ನೆಲೆಯಲ್ಲಿ ಕರಗಿಹೋಗುತ್ತದೆ. ಅಚ್ಚ ಬಿಳಿ ಹಿನ್ನೆಲೆಯಾದರೆ ಕ್ಯಾಮೆರಾದ ಆಟೋ ಅಳತೆ ಮೋಸಹೋಗಿ, ಗಾಢ ಮೈಬಣ್ಣದವರ ಮುಖ ಇನ್ನಷ್ಟು ಕಪ್ಪಾಗಿ ಬರುತ್ತದೆ. ಬೂದು ಹಿನ್ನೆಲೆಯಲ್ಲಿ ಎಲ್ಲ ಮೈಬಣ್ಣಗಳೂ ತಮ್ಮಷ್ಟಕ್ಕೆ ಕಾಣುತ್ತವೆ.

ಸೂತ್ರದ ಹಾಳೆಯಲ್ಲಿ ಇವು ಇರಲಿ:

– ಹಿನ್ನೆಲೆಯ ಬಣ್ಣದ ಹೆಸರು ಮತ್ತು ಸಂಖ್ಯೆ, ಅದರ ಒಂದು ತುಂಡು ಮಾದರಿ
– ವ್ಯಕ್ತಿಯಿಂದ ಹಿನ್ನೆಲೆಗೆ, ಕ್ಯಾಮೆರಾಕ್ಕೆ, ದೀಪಕ್ಕೆ ಇರುವ ದೂರ, ಮೀಟರಿನಲ್ಲಿ
– ದೀಪ ಯಾವ ಕಡೆ, ಎಷ್ಟು ಎತ್ತರದಲ್ಲಿ
– ಲೆನ್ಸ್, ಅಪರ್ಚರ್ (ಲೆನ್ಸ್ ಎಷ್ಟು ತೆರೆದಿದೆ), ಶಟರ್ (ಎಷ್ಟು ಹೊತ್ತು ಬೆಳಕು ಒಳಬರುತ್ತದೆ), ಐಎಸ್ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ), ವೈಟ್ ಬ್ಯಾಲೆನ್ಸ್ (ಬೆಳಕಿನ ಬಣ್ಣಕ್ಕೆ ಹೊಂದಾಣಿಕೆ)
– ಚೌಕಟ್ಟಿನಲ್ಲಿ ಕಣ್ಣಿನ ಸಾಲು ಎಲ್ಲಿ ಬರಬೇಕು (ಮೇಲಿನಿಂದ ಮೂರನೇ ಒಂದು ಭಾಗ ಎಂದಿಟ್ಟುಕೊಳ್ಳಿ)

ಈ ಅಂಕಿಗಳನ್ನು ಚಿತ್ರೀಕರಣದ ದಿನ ತುಂಬುತ್ತೀರಿ. ಖಾಲಿ ಹಾಳೆಯನ್ನು ಈಗಲೇ ಸಿದ್ಧಮಾಡಿ, ಫೋಟೊಗ್ರಾಫರ್‌ಗೂ ಮೊದಲೇ ತಿಳಿಸಿ. ಜತೆಗೆ ಇಡೀ ಏರ್ಪಾಡು ಕಾಣುವಂತೆ ದೂರದಿಂದ ಮೊಬೈಲಿನಲ್ಲಿ ಒಂದು ಫೋಟೊ. ಅಂಕಿ ಮರೆತರೂ ಈ ಒಂದು ಫೋಟೊ ಕಾಪಾಡುತ್ತದೆ.

ಹಂತ 4: ಫೋಟೊಗ್ರಾಫರ್ ಆಯ್ಕೆ ಮತ್ತು ಬರಹದ ಒಪ್ಪಂದ

ಹಂತ 1ರ ಪಟ್ಟಿ, ಹಂತ 3ರ ಸೂತ್ರ ಕೈಯಲ್ಲಿದ್ದಾಗ ಮಾತುಕತೆ ಸುಲಭ. ಅವರ ಹಳೆಯ ಕೆಲಸ ನೋಡುವಾಗ ಅತ್ಯುತ್ತಮ ಒಂದು ಚಿತ್ರ ಕೇಳಬೇಡಿ. ಒಂದೇ ಕಂಪನಿಗಾಗಿ ತೆಗೆದ 10 ಹೆಡ್‌ಶಾಟ್‌ಗಳನ್ನು ಒಟ್ಟಿಗೆ ತೋರಿಸಲು ಹೇಳಿ. ಮದುವೆಯಲ್ಲಿ ಅದ್ಭುತವಾಗಿ ತೆಗೆಯುವವರಿಗೂ 10 ಮುಖಗಳನ್ನು ಒಂದೇ ಹದದಲ್ಲಿ ತರುವ ಅಭ್ಯಾಸ ಇರಲಿಕ್ಕಿಲ್ಲ. ವಿಡಿಯೊಗೆ ಮಾತಿರುವ ತುಣುಕನ್ನೇ ಕೇಳಿ, ಹೆಡ್‌ಫೋನ್ ಹಾಕಿಕೊಂಡು ಆಲಿಸಿ. ಬರೀ ಸಂಗೀತ ತುಂಬಿದ ತುಣುಕುಗಳನ್ನಷ್ಟೇ ತೋರಿಸಿದರೆ ಅವರ ಧ್ವನಿ ಕೆಲಸ ಹೇಗಿದೆ ಎಂಬುದು ನಿಮಗೆ ಗೊತ್ತಾಗಿಯೇ ಇಲ್ಲ.

ಫೋಟೊ, ವಿಡಿಯೊ ಎರಡನ್ನೂ ಒಬ್ಬರೇ ಮಾಡುತ್ತೇನೆಂದರೆ 8 ಜನರವರೆಗೆ ಒಪ್ಪಬಹುದು. ಅದಕ್ಕಿಂತ ಹೆಚ್ಚಾದರೆ ಇಬ್ಬರು ಬರಲಿ.

ಒಪ್ಪಂದದಲ್ಲಿ ಬರೆಯಬೇಕಾದದ್ದು: ತಿದ್ದಿದ ಚಿತ್ರಗಳು ಎಷ್ಟು, ಯಾವ ತಾರೀಖಿಗೆ, ವಿಡಿಯೊಗೆ ಎಷ್ಟು ಸುತ್ತು ತಿದ್ದುಪಡಿ (2 ಸುತ್ತು ಸಾಕು), ಎಡಿಟ್ ಮಾಡದ ಮೂಲ ವಿಡಿಯೊ ನಿಮಗೆ ಸಿಗುತ್ತದೋ ಇಲ್ಲವೋ. ಮೂಲ ವಿಡಿಯೊ ಕೇಳಿ ಪಡೆಯಿರಿ. ಒಬ್ಬರು ತಂಡ ಬಿಟ್ಟ ಮೇಲೆ ಅವರ ಭಾಗ ತೆಗೆದು ಮರುಜೋಡಿಸಲು ಅದೇ ಬೇಕು. ಕಾಪಿರೈಟ್ ಯಾರದು ಎಂಬುದು ದೇಶದಿಂದ ದೇಶಕ್ಕೆ ಬೇರೆ. ಕೆಲವೆಡೆ ಹಣ ಕೊಟ್ಟು ತೆಗೆಸಿದವರದು, ಹಲವೆಡೆ ತೆಗೆದವರದು. ಊಹೆಗೆ ಬಿಡದೆ, ಜಾಹೀರಾತು ಮತ್ತು ಮುದ್ರಣ ಸೇರಿ ಯಾವ್ಯಾವ ಬಳಕೆಗೆ, ಎಷ್ಟು ವರ್ಷ ಎಂದು ಬರೆಸಿಕೊಳ್ಳಿ. ವಿಡಿಯೊದ ಹಿನ್ನೆಲೆ ಸಂಗೀತಕ್ಕೆ ಪರವಾನಗಿ ಯಾರು ತರುತ್ತಾರೆ ಎಂಬುದೂ ಅಲ್ಲೇ ಇರಲಿ.

ಹಂತ 5: ತಂಡದವರ ಒಪ್ಪಿಗೆ ಕೇಳಿ

ಸಂಬಳ ಕೊಡುವವರು ಕೇಳಿದರೆ ಬೇಡ ಎನ್ನುವುದು ಕಷ್ಟ, ಅದಕ್ಕೇ ಬೇಡ ಎನ್ನಲು ಸುಲಭವಾಗುವ ಹಾಗೆ ಕೇಳಬೇಕು. ಒಂದು ಪುಟದ ನಮೂನೆ ಸಾಕು: ವೆಬ್‌ಸೈಟ್, ಸೋಷಿಯಲ್ ಮೀಡಿಯಾ, ಪತ್ರಿಕೆ, ಜಾಹೀರಾತು ಎಂದು ಬೇರೆ ಬೇರೆ ಚೌಕಗಳು, ಪ್ರತಿಯೊಂದಕ್ಕೂ ಬೇರೆ ಒಪ್ಪಿಗೆ. ಕೆಲಸ ಬಿಟ್ಟ ಮೇಲೆ ಎಷ್ಟು ದಿನದಲ್ಲಿ ಚಿತ್ರ ತೆಗೆಯುತ್ತೀರಿ ಎಂಬ ಒಂದು ಸಾಲೂ ಇರಲಿ. ವೈಯಕ್ತಿಕ ಮಾಹಿತಿ ಕಾಪಾಡುವ ಯುರೋಪಿನ ಜಿಡಿಪಿಆರ್ ಕಾಯ್ದೆಯಡಿ ಕೊಟ್ಟ ಒಪ್ಪಿಗೆಯನ್ನು ಯಾವಾಗ ಬೇಕಾದರೂ ಹಿಂಪಡೆಯಬಹುದು. ನಿಮ್ಮ ದೇಶದ ಕಾನೂನು ಏನೇ ಇದ್ದರೂ ಈ ಪದ್ಧತಿ ಇಟ್ಟುಕೊಳ್ಳುವುದು ನ್ಯಾಯ.

ತನ್ನ ಮುಖ ಅಂತರ್ಜಾಲದಲ್ಲಿ ಬರಬಾರದು ಎನ್ನುವವರಿಗೆ ಕಾರಣ ಕೇಳಬೇಡಿ. ಯಾರಿಂದಲೋ ತಪ್ಪಿಸಿಕೊಂಡು ಬದುಕುತ್ತಿರುವವರು ತಂಡದಲ್ಲಿ ಇರಬಹುದು. ಅವರ ಹೆಸರನ್ನು ಫೋಟೊಗ್ರಾಫರ್‌ಗೆ ಮೊದಲೇ ತಿಳಿಸಿ, ಕೆಲಸ ಮಾಡುವಾಗಿನ ದೃಶ್ಯಗಳಲ್ಲೂ ಅವರು ಬರದಂತೆ ನೋಡಿಕೊಳ್ಳಿ.

ಹಂತ 6: ಜಾಗ ನೋಡಿ, ಜಾಗ ಕೇಳಿ

ಚಿತ್ರೀಕರಣಕ್ಕೆ ಒಂದು ವಾರ ಮೊದಲು, ಅದೇ ವಾರದ ದಿನ, ಅದೇ ಹೊತ್ತಿನಲ್ಲಿ ಜಾಗಕ್ಕೆ ಹೋಗಿ. ಬೆಳಗ್ಗೆ 10ಕ್ಕೆ ತಂಪಾಗಿರುವ ಕಿಟಕಿಯಲ್ಲಿ ಮಧ್ಯಾಹ್ನ 3ಕ್ಕೆ ನೇರ ಬಿಸಿಲು ಬಡಿಯುತ್ತಿರಬಹುದು.

ಮೊದಲು ಬೆಳಕು. ಬೆಳಕಿನ ಬಣ್ಣವನ್ನು ಕೆಲ್ವಿನ್‌ನಲ್ಲಿ ಅಳೆಯುತ್ತಾರೆ: ಕಿಟಕಿಯ ಹಗಲು ಬೆಳಕು ಸುಮಾರು 5500 ಕೆಲ್ವಿನ್, ಹಳೆಯ ಮಾದರಿಯ ಹಳದಿ ಬಲ್ಬು ಸುಮಾರು 2700. ಎರಡೂ ಒಟ್ಟಿಗೆ ಮುಖದ ಮೇಲೆ ಬಿದ್ದರೆ ಒಂದು ಕೆನ್ನೆ ನೀಲಿ, ಇನ್ನೊಂದು ಕಿತ್ತಳೆ. ಎಡಿಟಿಂಗ್‌ನಲ್ಲಿ ಒಂದನ್ನು ಸರಿಮಾಡಿದರೆ ಇನ್ನೊಂದು ಕೆಡುತ್ತದೆ. ಆದ್ದರಿಂದ ತಲೆಯ ಮೇಲಿನ ದೀಪಗಳನ್ನೆಲ್ಲ ಆರಿಸಲು ಬರುತ್ತದೆಯೇ, ಸ್ವಿಚ್ ಎಲ್ಲಿದೆ ಎಂದು ನೋಡಿ. ನೇರ ಮೇಲಿನಿಂದ ಬೀಳುವ ಬೆಳಕು ಕಣ್ಣಿನ ಕೆಳಗೆ ಗುಳಿಯಂಥ ನೆರಳು ಮಾಡುತ್ತದೆ, ಆ ಕಾರಣಕ್ಕೂ ಅವು ಆರಿರುವುದೇ ಒಳ್ಳೆಯದು. ಆರಿಸಲಾಗದ ಕೋಣೆಯಲ್ಲಿ ವಿಡಿಯೊ ಮಾಡುವುದಾದರೆ ಶಟರ್ ವೇಗ ವಿದ್ಯುತ್ತಿನ ಆವರ್ತನಕ್ಕೆ ಹೊಂದಬೇಕು: 50 ಹರ್ಟ್ಸ್ ಇರುವ ದೇಶಗಳಲ್ಲಿ 1/50 ಅಥವಾ 1/100 ಸೆಕೆಂಡು, 60 ಹರ್ಟ್ಸ್ ಇರುವಲ್ಲಿ 1/60 ಅಥವಾ 1/120. ತಪ್ಪಿದರೆ ಚಿತ್ರದಲ್ಲಿ ಪಟ್ಟೆಗಳು ಓಡುತ್ತವೆ. ಮೊಬೈಲಿನಲ್ಲಿ ನಿಧಾನಗತಿಯ ವಿಡಿಯೊ ಒಂದು ನಿಮಿಷ ತೆಗೆದರೆ ಯಾವ ದೀಪ ಮಿಣುಕುತ್ತದೆ ಎಂದು ತಿಳಿಯುತ್ತದೆ.

ಆಮೇಲೆ ಸದ್ದು. ಸಂದರ್ಶನ ತೆಗೆಯುವ ಕೋಣೆಯಲ್ಲಿ ಕಣ್ಣು ಮುಚ್ಚಿ ಎರಡು ನಿಮಿಷ ನಿಂತುಬಿಡಿ. ಏಸಿ, ಫ್ರಿಜ್, ಸರ್ವರ್, ಲಿಫ್ಟ್, ಪಕ್ಕದ ಕಟ್ಟಡದ ಡ್ರಿಲ್ ಎಲ್ಲ ಕೇಳತೊಡಗುತ್ತವೆ. ಚಪ್ಪಾಳೆ ತಟ್ಟಿ. ಸದ್ದು ಗೋಡೆಗೆ ಬಡಿದು ವಾಪಸು ಬಂದರೆ ಅದು ಗಾಜು, ಕಾಂಕ್ರೀಟಿನ ಕೋಣೆ, ಮಾತು ಬಾವಿಯೊಳಗಿನಿಂದ ಬಂದಂತೆ ಕೇಳುತ್ತದೆ. ನೋಡಲು ಚೆಂದದ ಗಾಜಿನ ಮೀಟಿಂಗ್ ರೂಮಿಗಿಂತ ಕಾರ್ಪೆಟ್, ಪರದೆ, ಸೋಫಾ ತುಂಬಿದ ಸಣ್ಣ ಕೋಣೆ ಸಂದರ್ಶನಕ್ಕೆ ಎಷ್ಟೋ ಮೇಲು.

ಕೊನೆಗೆ ಗೋಡೆ ಮತ್ತು ಮೇಜುಗಳು. ವೈಟ್‌ಬೋರ್ಡಿನ ಮೇಲಿನ ಯೋಜನೆ, ಪರದೆಯಲ್ಲಿ ತೆರೆದಿರುವ ಗ್ರಾಹಕರ ಹೆಸರು, ಮಾನಿಟರಿಗೆ ಅಂಟಿಸಿದ ಚೀಟಿ. 2015ರ ಏಪ್ರಿಲ್‌ನಲ್ಲಿ ಫ್ರಾನ್ಸಿನ ಟಿವಿ5 ಮೊಂಡ್ ವಾಹಿನಿ ಸೈಬರ್ ದಾಳಿಗೆ ತುತ್ತಾಯಿತು. ಆ ದಾಳಿಯ ಬಗ್ಗೆಯೇ ಅದರ ಪತ್ರಕರ್ತರೊಬ್ಬರು ಬೇರೆ ವಾಹಿನಿಗೆ ಸಂದರ್ಶನ ಕೊಟ್ಟಾಗ, ಹಿಂದೆ ಅಂಟಿಸಿದ್ದ ಚೀಟಿಗಳಲ್ಲಿ ಪಾಸ್‌ವರ್ಡ್‌ಗಳು ಪರದೆಯ ಮೇಲೆ ಕಾಣಿಸಿದವು. ಬಹಳ ಸ್ಪಷ್ಟವಾದ 4ಕೆ ವಿಡಿಯೊದಲ್ಲಿ ದೂರದ ಚೀಟಿಯನ್ನೂ ಹಿಗ್ಗಿಸಿ ಓದಬಹುದು. ಹಿಂದಿನ ಸಂಜೆಯೇ ಬೋರ್ಡ್ ಒರೆಸಿ, ಪರದೆಗಳಿಗೆ ಹಾಕಲು ತೋರಿಕೆಯ ಡೇಟಾ ಇರುವ ಒಂದು ಪುಟ ಸಿದ್ಧಮಾಡಿಡಿ.

ಹಂತ 7: ಉಡುಪಿನ ಸೂಚನೆ, ಒಂದೇ ಸಂದೇಶದಲ್ಲಿ

ಐದು ದಿನ ಮೊದಲು ಕಳಿಸಿ, ಹಿಂದಿನ ದಿನ ನೆನಪಿಸಿ. ಸಣ್ಣ ಗೆರೆ, ಸಣ್ಣ ಚೌಕುಳಿಯ ಬಟ್ಟೆ ಬೇಡ, ವಿಡಿಯೊದಲ್ಲಿ ಅದು ಅಲೆಯಾಡುತ್ತದೆ. ಬೇರೆ ಕಂಪನಿಯ ಲೋಗೊ ಬೇಡ. ವಿಡಿಯೊದಲ್ಲಿ ಮಾತಾಡುವವರು ಸರಸರ ಸದ್ದು ಮಾಡುವ ಬಟ್ಟೆ, ಮೈಕಿಗೆ ತಾಗುವ ಸರ, ಕಿಣಿಕಿಣಿ ಎನ್ನುವ ಬಳೆ ಬಿಟ್ಟು ಬರಲಿ. ಇನ್ನೊಂದು ಜತೆ ಮೇಲುಡುಪು ತರಲು ಹೇಳಿ.

ಎಲ್ಲರಿಗೂ ಒಂದೇ ಬಣ್ಣದ ಟೀಶರ್ಟ್ ಹಂಚುವ ಆಲೋಚನೆ ಬಂದರೆ ಸ್ವಲ್ಪ ತಡೆಯಿರಿ. ಮುಂದೆ ಸೇರುವವರಿಗೂ ಅದೇ ಟೀಶರ್ಟ್ ಸಿಗುತ್ತದೆಯೇ? ಲೋಗೊ ಬದಲಾದರೆ? ಗಾಢವಾದ, ಒಂದೇ ಬಣ್ಣದ, ತಮ್ಮ ಮೈಗೆ ಸರಿಯಾಗಿ ಕೂರುವ ಬಟ್ಟೆ ಎಂದಷ್ಟೇ ಹೇಳುವುದು ಬಹುಕಾಲ ಬಾಳುತ್ತದೆ. ತಲೆವಸ್ತ್ರ, ಪೇಟ, ಧಾರ್ಮಿಕ ಚಿಹ್ನೆ, ವಾಕಿಂಗ್ ಸ್ಟಿಕ್, ಗಾಲಿಕುರ್ಚಿ ಇವೆಲ್ಲ ಇದ್ದಂತೆಯೇ ಇರಲಿ ಎಂದು ಸಂದೇಶದಲ್ಲೇ ಬರೆಯಿರಿ. ಕೇಳಲು ಮುಜುಗರಪಡುವವರಿಗೆ ಆ ಒಂದು ಸಾಲು ದೊಡ್ಡದು.

ಹಂತ 8: ಆ ದಿನದ ವೇಳಾಪಟ್ಟಿ

ಹೆಡ್‌ಶಾಟ್‌ಗೆ ತಲಾ 8 ನಿಮಿಷ ಹಿಡಿಯಿರಿ. ಮೊದಲ 3 ನಿಮಿಷದಲ್ಲಿ ಯಾರ ಮುಖವೂ ಬಿಚ್ಚಿಕೊಳ್ಳುವುದಿಲ್ಲ, ಅದನ್ನು ಲೆಕ್ಕದಲ್ಲೇ ಸೇರಿಸಿರಿ. 12 ಜನರಿಗೆ 96 ನಿಮಿಷ, ನಡುವೆ ಬಿಡುವು ಸೇರಿಸಿ 2 ಗಂಟೆ. ವಿಡಿಯೊ ಸಂದರ್ಶನಕ್ಕೆ ತಲಾ 30 ನಿಮಿಷ. ದೀಪ ಕಟ್ಟಲು ಬೆಳಗ್ಗೆ ಒಂದು ಗಂಟೆ ಖಾಲಿ ಬಿಡಿ.

ಕ್ರಮ ಹೀಗಿರಲಿ: ಮೊದಲು ಗ್ರೂಪ್ ಫೋಟೊ, ಆಮೇಲೆ ಹೆಡ್‌ಶಾಟ್, ಮಧ್ಯಾಹ್ನ ಸಂದರ್ಶನ, ಕೊನೆಗೆ ಕೆಲಸದ ದೃಶ್ಯಗಳು. ಗ್ರೂಪ್ ಫೋಟೊವನ್ನು ಸಂಜೆಗೆ ಇಟ್ಟರೆ ಯಾರೋ ಒಬ್ಬರು ತುರ್ತು ಕರೆಗೆ ಎದ್ದು ಹೋಗಿರುತ್ತಾರೆ, ಉಳಿದವರ ಮುಖ ಬಾಡಿರುತ್ತದೆ. ಹೆಡ್‌ಶಾಟ್‌ಗೆ ಮೊದಲು ಕೂರುವವರು ಕ್ಯಾಮೆರಾಗೆ ಹೆದರದವರಾಗಿರಲಿ. ಅವರ ಮೇಲೆ ಬೆಳಕು ಹದಗೊಳ್ಳುತ್ತದೆ, ಅವರು ನಗುತ್ತ ಹೊರಬಂದರೆ ಸರದಿಯಲ್ಲಿ ಕಾಯುವವರಿಗೂ ಧೈರ್ಯ ಬರುತ್ತದೆ. ಪ್ರತಿಯೊಬ್ಬರ ಕ್ಯಾಲೆಂಡರ್‌ನಲ್ಲಿ ಅವರವರ ಹೊತ್ತು ಮಾತ್ರ ಗುರುತಿಸಿ. ಎಲ್ಲರನ್ನೂ ಇಡೀ ದಿನ ಕಾಯಿಸಿದರೆ ಕೆಲಸವೂ ಹೋಗುತ್ತದೆ, ನಗುವೂ ಹೋಗುತ್ತದೆ.

ಹಂತ 9: ಹೆಡ್‌ಶಾಟ್ ಮತ್ತು ಗ್ರೂಪ್ ಫೋಟೊ

ಫುಲ್ ಫ್ರೇಮ್ (ದೊಡ್ಡ ಸೆನ್ಸರಿನ) ಕ್ಯಾಮೆರಾದಲ್ಲಿ 85 ಎಂಎಂ ಆಸುಪಾಸಿನ ಲೆನ್ಸ್, ವ್ಯಕ್ತಿಯಿಂದ 1.5ರಿಂದ 2 ಮೀಟರ್ ದೂರ. ಹತ್ತಿರ ಬಂದಷ್ಟೂ ಮೂಗು ಉಬ್ಬಿ ಕಿವಿ ಹಿಂದೆ ಸರಿಯುತ್ತವೆ. ಮುಖ ಇಷ್ಟವಾಗಲಿಲ್ಲ ಎಂದು ಬೇಸರಪಡುವ ಅನೇಕರು ನಿಜವಾಗಿ ಈ ದೂರದ ತಪ್ಪನ್ನು ತಮ್ಮ ಮುಖದ ತಪ್ಪೆಂದು ತಿಳಿದಿರುತ್ತಾರೆ. ಕ್ಯಾಮೆರಾ ಕಣ್ಣಿನ ಮಟ್ಟದಲ್ಲಿರಲಿ, ಎತ್ತರದವರು ಕುಳ್ಳಗಿನವರು ಬಂದಂತೆ ಪ್ರತಿ ಬಾರಿ ಬದಲಿಸಿ. ಗಾಲಿಕುರ್ಚಿಯಲ್ಲಿ ಕುಳಿತವರನ್ನು ಮೇಲಿನಿಂದ ತೆಗೆಯಬೇಡಿ. ದೀಪ ಒಂದು ಬದಿಯಲ್ಲಿ 45 ಡಿಗ್ರಿ ಕೋನದಲ್ಲಿ, ಕಣ್ಣಿಗಿಂತ ಸ್ವಲ್ಪ ಮೇಲೆ. ಹಿನ್ನೆಲೆಯಿಂದ ವ್ಯಕ್ತಿ ಒಂದೂವರೆ ಮೀಟರ್ ಮುಂದೆ ನಿಂತರೆ ನೆರಳು ಗೋಡೆಗೆ ಬೀಳುವುದಿಲ್ಲ.

ಕನ್ನಡಕದಲ್ಲಿ ದೀಪ ಹೊಳೆದರೆ ಕನ್ನಡಕ ತೆಗೆಸಬೇಡಿ. ದಿನವೂ ಹಾಕಿಕೊಳ್ಳುವವರು ಅದಿಲ್ಲದೆ ಬೇರೆಯವರಂತೆ ಕಾಣುತ್ತಾರೆ. ದೀಪವನ್ನು ಇನ್ನಷ್ಟು ಎತ್ತರಿಸಿ, ಅಥವಾ ಕಿವಿಯ ಹಿಂದಿನ ಕಡ್ಡಿಯನ್ನು ಒಂದಿಷ್ಟು ಮೇಲೆತ್ತಿ ಗಾಜು ಕೆಳಮುಖವಾಗುವಂತೆ ಮಾಡಿ.

"ನಗಿ" ಎಂದು ಹೇಳಿ ನಗಿಸಲಾಗುವುದಿಲ್ಲ. ಅವರ ಜತೆ ದಿನವೂ ಕೂರುವ ಸಹೋದ್ಯೋಗಿಯೊಬ್ಬರನ್ನು ಕ್ಯಾಮೆರಾದ ಪಕ್ಕ ನಿಲ್ಲಿಸಿ ಮಾತಾಡಿಸಿ. ಪ್ರತಿಯೊಬ್ಬರಲ್ಲೂ ನಗು, ತಿಳಿನಗು, ಗಂಭೀರ ಮೂರನ್ನೂ ತೆಗೆದುಕೊಳ್ಳಿ. ಸಾವಿನ ಸುದ್ದಿಗೋ ಕಷ್ಟದ ಪ್ರಕಟಣೆಗೋ ಹಲ್ಲು ಕಾಣುವ ನಗು ಹೊಂದುವುದಿಲ್ಲ.

ಗ್ರೂಪ್ ಫೋಟೊಗೆ ಅಪರ್ಚರ್ ಎಫ್/5.6ರಿಂದ ಎಫ್/8, ಇಲ್ಲದಿದ್ದರೆ ಹಿಂದಿನ ಸಾಲು ಮಸುಕು. ಎಷ್ಟು ಫೋಟೊ ತೆಗೆದರೆ ಯಾರೂ ಕಣ್ಣು ಮುಚ್ಚದ ಒಂದಾದರೂ ಸಿಗುತ್ತದೆ? ಆಸ್ಟ್ರೇಲಿಯಾದ ವಿಜ್ಞಾನ ಸಂಶೋಧನಾ ಸಂಸ್ಥೆ ಸಿಎಸ್‌ಐಆರ್‌ಒದ ನಿಕ್ ಸ್ವೆನ್ಸನ್ ಮತ್ತು ಪಿಯರ್ಸ್ ಬಾರ್ನ್ಸ್ ಇದನ್ನೇ ಲೆಕ್ಕಹಾಕಿ 2006ರಲ್ಲಿ ಗಣಿತದ ಇಗ್ ನೊಬೆಲ್ (ಮೊದಲು ನಗಿಸಿ ಆಮೇಲೆ ಯೋಚಿಸುವಂತೆ ಮಾಡುವ ಸಂಶೋಧನೆಗೆ ಕೊಡುವ ಪ್ರಶಸ್ತಿ) ಪಡೆದರು. 20ಕ್ಕಿಂತ ಕಡಿಮೆ ಜನರಿದ್ದರೆ, ಒಳ್ಳೆಯ ಬೆಳಕಿನಲ್ಲಿ ಜನರ ಸಂಖ್ಯೆಯನ್ನು 3ರಿಂದ, ಮಂದ ಬೆಳಕಿನಲ್ಲಿ 2ರಿಂದ ಭಾಗಿಸಿದರೆ ಬರುವಷ್ಟು ಫೋಟೊ ಬೇಕು. 18 ಜನರಿಗೆ ಒಳ್ಳೆಯ ಬೆಳಕಿನಲ್ಲಿ 6. ಅದು ಬರೀ ಕಣ್ಣಿನ ಲೆಕ್ಕ. ಬೇರೆಡೆ ನೋಡುವವರು, ಕೂದಲು ಸರಿಮಾಡಿಕೊಳ್ಳುವವರು ಇದ್ದೇ ಇರುತ್ತಾರೆ, ನಾನು ಅದರ ಎರಡರಷ್ಟು ತೆಗೆಸುತ್ತೇನೆ.

ಎಲ್ಲರೂ ಇರುವ ಒಂದೇ ಫೋಟೊಗೆ ನೆಚ್ಚಿಕೊಳ್ಳಬೇಡಿ. ಅದೇ ಜಾಗದಲ್ಲಿ ಸಂಸ್ಥಾಪಕರು ಮಾತ್ರ, ಎಂಜಿನಿಯರುಗಳು ಮಾತ್ರ, ಮಾರಾಟ ವಿಭಾಗ ಮಾತ್ರ ಎಂದು ಸಣ್ಣ ಗುಂಪುಗಳನ್ನೂ ತೆಗೆಸಿ. ಒಬ್ಬರು ಹೋದಾಗ ಒಂದು ಫೋಟೊ ಕೆಲಸಕ್ಕೆ ಬಾರದೆ ಹೋದರೂ ಉಳಿದವು ನಡೆಯುತ್ತವೆ.

ಹಂತ 10: ವಿಡಿಯೊ, ಅದರಲ್ಲೂ ಧ್ವನಿ

ಚಿತ್ರ ಸ್ವಲ್ಪ ಮಂಕಾಗಿದ್ದರೂ ಜನ ನೋಡುತ್ತಾರೆ, ಮಾತು ಕೇಳದಿದ್ದರೆ ಎದ್ದು ಹೋಗುತ್ತಾರೆ. ಕಾಲರ್ ಮೈಕನ್ನು ಗಲ್ಲದಿಂದ ಒಂದು ಗೇಣು ಕೆಳಗೆ ಸಿಕ್ಕಿಸಿ. ಏಸಿ, ಫ್ರಿಜ್ ಆರಿಸಿ. ಫ್ರಿಜ್ ಆರಿಸಿದವರು ತಮ್ಮ ಕೀಲಿಕೈಯನ್ನು ಅದರೊಳಗೇ ಇಡಲಿ, ಹೊರಡುವಾಗ ಮತ್ತೆ ಹಾಕಲು ಮರೆಯುವುದಿಲ್ಲ. ರೆಕಾರ್ಡಿಂಗ್ 48 ಕಿಲೋಹರ್ಟ್ಸ್‌ನಲ್ಲಿ, ಮಾತಿನ ಮಟ್ಟ ರೆಕಾರ್ಡರಿನ ಮೀಟರಿನಲ್ಲಿ -12 ಡೆಸಿಬೆಲ್ ಹತ್ತಿರ. ಒಬ್ಬರು ಸಂದರ್ಶನದುದ್ದಕ್ಕೂ ಹೆಡ್‌ಫೋನ್ ಹಾಕಿಕೊಂಡೇ ಇರಬೇಕು. ಮೀಟರ್ ಕುಣಿಯುತ್ತಿದ್ದರೂ ಬಟ್ಟೆ ಉಜ್ಜುವ ಸದ್ದು ಕಿವಿಗೆ ಮಾತ್ರ ಗೊತ್ತಾಗುತ್ತದೆ. ಪ್ರತಿ ಕೋಣೆಯಲ್ಲೂ ಯಾರೂ ಮಾತಾಡದೆ 30 ಸೆಕೆಂಡು ಖಾಲಿ ಸದ್ದು ರೆಕಾರ್ಡ್ ಮಾಡಿ, ಮಾತು ಕತ್ತರಿಸಿದ ಕಡೆ ತುಂಬಲು ಎಡಿಟರ್‌ಗೆ ಅದು ಬೇಕು.

ಸ್ಕ್ರಿಪ್ಟ್ ಬಾಯಿಪಾಠ ಮಾಡಿಸಬೇಡಿ. ಕಣ್ಣು ಮೇಲೆ ಹೋಗುತ್ತದೆ, ದನಿ ಪಾಠ ಒಪ್ಪಿಸುವಂತಾಗುತ್ತದೆ. 4 ಪ್ರಶ್ನೆ ಮೊದಲೇ ಕಳಿಸಿ, ಉತ್ತರ ಆ ದಿನವೇ ಹುಟ್ಟಲಿ. "ನಮ್ಮ ಕಂಪನಿ ಬಗ್ಗೆ ಹೇಳಿ" ಎಂದರೆ ಬ್ರೋಷರ್ ಹೊರಬರುತ್ತದೆ. "ಈ ವಾರ ನಿಮ್ಮನ್ನು ಹೆಚ್ಚು ಕಾಡಿದ ತೊಡಕು ಯಾವುದು? ಹೇಗೆ ಬಿಡಿಸಿದಿರಿ?" ಎಂದು ಕೇಳಿ ನೋಡಿ. ನಿಮ್ಮ ಪ್ರಶ್ನೆ ವಿಡಿಯೊದಲ್ಲಿ ಇರುವುದಿಲ್ಲವಾದ್ದರಿಂದ ಉತ್ತರ ಪೂರ್ತಿ ವಾಕ್ಯದಲ್ಲಿ ಶುರುವಾಗಲಿ ಎಂದು ಮೊದಲೇ ಹೇಳಿಡಿ. "ಮೂರು ತಿಂಗಳು" ಎಂಬ ಉತ್ತರ ನಿರುಪಯೋಗಿ, "ಮೊದಲ ಗ್ರಾಹಕರು ಸಿಗಲು ಮೂರು ತಿಂಗಳು ಹಿಡಿಯಿತು" ಎಂಬುದು ನಡೆಯುತ್ತದೆ. ಅವರು ಮಾತು ಮುಗಿಸಿದ ಮೇಲೆ 3 ಸೆಕೆಂಡು ಸುಮ್ಮನಿರಿ. ಆ ಮೌನ ತುಂಬಲು ಆಡುವ ಮಾತೇ ಎಷ್ಟೋ ಸಲ ವಿಡಿಯೊದ ಅತ್ಯುತ್ತಮ ಸಾಲಾಗುತ್ತದೆ.

ಮಾತಿನ ಮೇಲೆ ಹೊದಿಸಲು ಕೆಲಸದ ದೃಶ್ಯಗಳು, ಅಂದರೆ ಬಿ-ರೋಲ್ ಬೇಕು. ಒಂದು ನಿಮಿಷದ ವಿಡಿಯೊಗೆ 20 ಶಾಟ್ ಇದ್ದರೆ ಎಡಿಟರ್ ಪರದಾಡುವುದಿಲ್ಲ. ಪ್ರತಿಯೊಂದನ್ನೂ ಅಲುಗಾಡದೆ 10 ಸೆಕೆಂಡು ಹಿಡಿಯಿರಿ. ಇವುಗಳಲ್ಲಿ ಅರ್ಧದಷ್ಟು ಮುಖ ಕಾಣದವು ಇರಲಿ: ಕೀಲಿಮಣೆಯ ಮೇಲಿನ ಕೈ, ಬೋರ್ಡಿನ ಮುಂದೆ ನಿಂತವರ ಬೆನ್ನು, ಗಾಜಿನಾಚೆ ಮಸುಕಾದ ಗುಂಪು. ತಂಡ ಬದಲಾದರೂ ಇವು ಹಳತಾಗುವುದಿಲ್ಲ. ಒಂದೇ ವಿಡಿಯೊವನ್ನು ಅಡ್ಡ, ಉದ್ದ ಎರಡಕ್ಕೂ ಬಳಸುವುದಾದರೆ ಮಾತಾಡುವವರನ್ನು ನಡುವಿನ ಪಟ್ಟಿಯೊಳಗೇ ಕೂರಿಸಿ.

ಎಚ್ಚರಿಕೆಯ ಸೂಚನೆ: ಮೈಕಿನ ಬಗ್ಗೆ ಕೇಳಿದಾಗ "ಎಡಿಟಿಂಗ್‌ನಲ್ಲಿ ಸರಿಮಾಡ್ತೀವಿ" ಎಂಬ ಉತ್ತರ ಬಂದರೆ ಅಲ್ಲೇ ನಿಲ್ಲಿಸಿ, 1 ನಿಮಿಷ ರೆಕಾರ್ಡ್ ಮಾಡಿ ಕೇಳಿದ ಮೇಲೆ ಮುಂದುವರಿಸಿ.

ಹಂತ 11: ಕಾಪಿ, ಆಯ್ಕೆ, ಹಂಚಿಕೆ

100 ಎಂಬಿಪಿಎಸ್ (ಸೆಕೆಂಡಿಗೆ 100 ಮೆಗಾಬಿಟ್) ದರದ 4ಕೆ ವಿಡಿಯೊ ಗಂಟೆಗೆ ಸುಮಾರು 45 ಜಿಬಿ ತಿನ್ನುತ್ತದೆ. ಎರಡು ಕ್ಯಾಮೆರಾ, 3 ಗಂಟೆ ಎಂದರೆ 270 ಜಿಬಿ, ಅಷ್ಟು ಜಾಗ ಮೊದಲೇ ಸಿದ್ಧವಿರಲಿ. ಮೆಮೊರಿ ಕಾರ್ಡ್ ಅಳಿಸುವ ಮೊದಲು 3 ಕಾಪಿ, 2 ಬಗೆಯ ಸಾಧನದಲ್ಲಿ, ಅವುಗಳಲ್ಲಿ 1 ಬೇರೆ ಜಾಗದಲ್ಲಿ. ಜನ ಮನೆಗೆ ಹೋಗುವ ಮೊದಲೇ ಕೆಲವು ಫೈಲ್ ತೆರೆದು ನೋಡಿ.

ಹೆಡ್‌ಶಾಟ್ ಆಯ್ಕೆಯಲ್ಲಿ ಕೊನೆಯ ಮಾತು ಆ ವ್ಯಕ್ತಿಯದೇ. ಆದರೆ 60 ಫೋಟೊ ಮುಂದಿಟ್ಟರೆ ಯಾರೂ ಆರಿಸಲಾರರು. ನೀವು 3 ಆರಿಸಿ ಕೊಡಿ, ಅವರು 1 ಆರಿಸಲಿ, 2 ದಿನದ ಗಡುವು ಇರಲಿ. ತಿದ್ದುವಾಗ ಇವತ್ತಿದ್ದು ಮುಂದಿನ ವಾರ ಹೋಗುವ ಮೊಡವೆ ತೆಗೆಯಬಹುದು. ಮಚ್ಚೆ, ಗಾಯದ ಗುರುತು, ನೆರಿಗೆ, ಮೈಬಣ್ಣ ಮುಟ್ಟಬೇಡಿ.

ವೆಬ್‌ಸೈಟಿಗೆ ಹೋಗುವ ಪ್ರತಿ ಚಿತ್ರ ಪರದೆಗಳಿಗೆ ರೂಢಿಯಾದ ಎಸ್‌ಆರ್‌ಜಿಬಿ ಬಣ್ಣವ್ಯವಸ್ಥೆಯಲ್ಲಿರಲಿ, ಬೇರೆ ಬಣ್ಣವ್ಯವಸ್ಥೆಯಲ್ಲಿದ್ದರೆ ಕೆಲವು ಪರದೆಗಳಲ್ಲಿ ಮುಖ ಕಳೆಗುಂದುತ್ತದೆ. ಫೈಲಿನ ಹೆಸರಲ್ಲಿ ವ್ಯಕ್ತಿಯ ಹೆಸರು, ವರ್ಷ, ಆಕಾರ ಇರಲಿ. ವಿಡಿಯೊಗೆ ಸಬ್‌ಟೈಟಲ್ ಹಾಕಿ, ಕಂಪನಿಯ ಹೆಸರು, ವ್ಯಕ್ತಿಗಳ ಹೆಸರು ಸರಿಯಾಗಿವೆಯೇ ಎಂದು ಮನುಷ್ಯರೇ ಓದಿ ನೋಡಲಿ. ಆಮೇಲೆ ಹಂತ 1ರ ಸ್ಪ್ರೆಡ್‌ಶೀಟ್ ತೆರೆದು ಒಂದೊಂದೇ ಸಾಲಿಗೆ ಟಿಕ್ ಹಾಕುತ್ತ ಹೋಗಿ.

ಹಂತ 12: ಹೊಸಬರು ಬಂದಾಗ, ದೂರದಲ್ಲಿ ಇರುವವರಿಗೆ

ಹೊಸಬರನ್ನು ಮೂರು ತಿಂಗಳಿಗೊಮ್ಮೆ ಒಟ್ಟು ಸೇರಿಸಿ, ಹಂತ 3ರ ಸೂತ್ರದ ಹಾಳೆಯೊಂದಿಗೆ ಅರ್ಧ ದಿನದಲ್ಲಿ ಮುಗಿಸಿ. ಕಚೇರಿಯಲ್ಲಿ ಒಂದು ಮೂಲೆ ಬಿಟ್ಟುಕೊಡಲು ಆಗುವುದಾದರೆ ನೆಲದ ಮೇಲೆ ಟೇಪಿನಿಂದ ವ್ಯಕ್ತಿ, ಕ್ಯಾಮೆರಾ, ದೀಪ ನಿಲ್ಲುವ ಗುರುತು ಹಾಕಿಡಿ.

ಬೇರೆ ಊರಿನಿಂದ ಕೆಲಸ ಮಾಡುವವರಿಗೆ ಈ ಸೂಚನೆ ಕಳಿಸಿ: ಕಿಟಕಿಯ ಪಕ್ಕ ನಿಲ್ಲಿ, ಕಿಟಕಿ ಹಿಂದೆ ಬೇಡ. ಮನೆಯ ದೀಪಗಳನ್ನು ಆರಿಸಿ. ಸಾದಾ ಗೋಡೆಯಿಂದ ಒಂದೂವರೆ ಮೀಟರ್ ಮುಂದೆ ಬನ್ನಿ. ಬೇರೊಬ್ಬರು ಮೊಬೈಲಿನ ಹಿಂಬದಿಯ ಕ್ಯಾಮೆರಾದಿಂದ, 2ಎಕ್ಸ್ ಲೆನ್ಸ್ ಹಾಕಿ, 2 ಮೀಟರ್ ದೂರದಿಂದ, ನಿಮ್ಮ ಕಣ್ಣಿನ ಮಟ್ಟದಲ್ಲಿ ತೆಗೆಯಲಿ. ಪೋರ್ಟ್ರೇಟ್ ಮೋಡ್ ಬೇಡ, ಅದು ಕೂದಲಿನ ಅಂಚನ್ನು ಕಚ್ಚುತ್ತದೆ. ಫೈಲನ್ನು ವಾಟ್ಸ್‌ಆ್ಯಪ್‌ನಲ್ಲಿ ಫೋಟೊ ಎಂದು ಕಳಿಸಿದರೆ ಕುಗ್ಗುತ್ತದೆ, ಡ್ರೈವ್‌ಗೆ ಮೂಲ ಫೈಲನ್ನೇ ಏರಿಸಿ.

ಹೊಸ ಫೋಟೊ ಬಂದ ಮೇಲೆ ಒಂದು ಪರೀಕ್ಷೆ. ಅದನ್ನು ಹಳೆಯ 8 ಫೋಟೊಗಳ ನಡುವೆ ಸೇರಿಸಿ, ತಂಡದ ಪುಟದಲ್ಲಿ ಕಾಣುವಷ್ಟೇ ಸಣ್ಣದಾಗಿ, ಏನೂ ಗೊತ್ತಿಲ್ಲದ ಒಬ್ಬರಿಗೆ ತೋರಿಸಿ: "ಇದರಲ್ಲಿ ಬೇರೆ ದಿನ ತೆಗೆದದ್ದು ಯಾವುದು?" ಅವರ ಬೆರಳು ತಕ್ಷಣ ಹೊಸದರ ಮೇಲೆ ಬಿದ್ದರೆ ಈ ಮೂರನ್ನು ಇದೇ ಕ್ರಮದಲ್ಲಿ ನೋಡಿ: ಕಣ್ಣಿನ ಸಾಲು ಉಳಿದವರಿಗಿಂತ ಮೇಲೆ ಕೆಳಗೆ ಇದೆಯೇ, ಹಿನ್ನೆಲೆ ಹೆಚ್ಚು ಬೆಳಗಿದೆಯೇ, ಬಣ್ಣ ಹಳದಿಗೋ ನೀಲಿಗೋ ಜಾರಿದೆಯೇ. ಕ್ರಾಪ್, ಹೊಳಪು, ವೈಟ್ ಬ್ಯಾಲೆನ್ಸ್ ತಿದ್ದಿದರೆ ಈ ಮೂರೂ ಸರಿಹೋಗುತ್ತವೆ. ಇಷ್ಟಾದರೂ ಬೆರಳು ಅಲ್ಲಿಗೇ ಹೋದರೆ ತಪ್ಪಿರುವುದು ದೂರದಲ್ಲೋ ದೀಪದ ದಿಕ್ಕಿನಲ್ಲೋ ಇರುತ್ತದೆ. ಅದನ್ನು ಎಡಿಟಿಂಗ್‌ನಲ್ಲಿ ತಿದ್ದಲಾಗದು, ಆ ಒಬ್ಬರ ಫೋಟೊವನ್ನು ಮತ್ತೆ ತೆಗೆಯಿರಿ.